ನೆಟ್ಟಿನ ಹತ್ತಿರ ನಿಂತವರು

ಕೆನಡಾಕ್ಕೆ ಹೋಗಿ ಬಂದೆ ಎಂದ ಕೂಡಲೇ ಊರಿನಲ್ಲಿ ಎಲ್ಲರೂ ಕೇಳುವುದು ಒಂದೇ: ಆ ದೊಡ್ಡ ಜಲಪಾತ ನೋಡಿದಿರಾ? ನೋಡಿದೆ. ನೀರು ಮೇಲಿನಿಂದ ಕೆಳಗೆ ಬೀಳುತ್ತದೆ. ಅದರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯಲು ಕುಳಿತದ್ದು ಒಂದು ಗೋದಾಮಿನ ಬಗ್ಗೆ, ಅದರೊಳಗೆ ಕುಂಟುತ್ತ ಓಡಾಡುವ ಕೊರಿಯಾ ದೇಶದ ಒಬ್ಬ ಹೆಂಗಸಿನ ಬಗ್ಗೆ. ಅವಳ ಕತೆ ನೆನಪಾದರೆ ಈಗಲೂ ನನಗೆ ಮೈ ಉರಿಯುತ್ತದೆ. ಐದನೇ ಕ್ಲಾಸು ಓದಿ, ಮತ್ತೆ ನಲವತ್ತು ವರ್ಷ ಬೀಡಿ ಕಟ್ಟಿದ ಕೈ ಇದು. ಅಕ್ಷರ ಓರೆಯಾದರೂ ಹೇಳುವುದನ್ನು ನೇರವಾಗಿಯೇ ಹೇಳುತ್ತೇನೆ.

ಮಾಲ್ಟನ್

ಮಗಳು ಪ್ರಮೀಳಾ ಮತ್ತು ಅಳಿಯ ಸತೀಶ ಇರುವುದು ನ್ಯೂಮಾರ್ಕೆಟಿನಲ್ಲಿ. ಆದರೆ ವಿಮಾನ ಇಳಿದ ಸಂಜೆ ಮೊದಲು ಹೋದದ್ದು ಮಾಲ್ಟನಿಗೆ, ಸತೀಶನ ಚಿಕ್ಕಮ್ಮನ ಮನೆಗೆ. ವಿಮಾನ ನಿಲ್ದಾಣದ ಬೇಲಿಗೆ ತಾಗಿಕೊಂಡೇ ಇರುವ ಊರು. ಅಲ್ಲಿ ಒಂದು ಊಟ ಮಾಡದೆ ಮುಂದೆ ಹೋದರೆ ಚಿಕ್ಕಮ್ಮ ಮೂರು ವರ್ಷ ಮಾತು ಬಿಡುತ್ತಾರಂತೆ.

ಬಾಗಿಲಲ್ಲಿ ನನ್ನ ಮೊಮ್ಮಗಳು ದಿಶಾ ನಿಂತಿದ್ದಳು. ಹನ್ನೆರಡು ವರ್ಷ. ಫೋನಿನ ಸಣ್ಣ ಚೌಕದೊಳಗೆ ನೋಡುತ್ತಿದ್ದ ಮಗು ನನ್ನ ಕಿವಿಯವರೆಗೆ ಬೆಳೆದು ನಿಂತಿದೆ. ಅಪ್ಪಿಕೊಂಡಾಗ ಅವಳ ಗದ್ದ ನನ್ನ ಹೆಗಲಿಗೆ ಚುಚ್ಚಿತು. ನಮ್ಮ ಕಡೆ ಮನೆತನ ಮುಂದುವರಿಯುವುದು ಮಗಳ ಮಗಳಿಂದ. ಗಂಡುಮಕ್ಕಳ ಮಕ್ಕಳೂ ನನಗೆ ನಾಲ್ಕು ಜನ ಇದ್ದಾರೆ, ಪ್ರೀತಿಗೆ ಕಡಿಮೆ ಮಾಡಿಲ್ಲ, ಆದರೆ ನಮ್ಮ ಕುಟುಂಬದ ಹೆಸರು ಹೇಳಲಿಕ್ಕಿರುವವಳು ಇವಳೊಬ್ಬಳೇ.

"ಅಜ್ಜಿ, ಐ ಮೇಡ್ ದ ಟೀಮ್" ಎಂದಳು.

ಟೀಮು ಎಂದದ್ದು ಮಾತ್ರ ನನಗೆ ಅರ್ಥವಾಯಿತು. ಬ್ಯಾಡ್ಮಿಂಟನ್ನಿನಲ್ಲಿ ಇಬ್ಬರಿಬ್ಬರು ಆಡುವ ಪಂದ್ಯಕ್ಕೆ ಅವಳ ಕ್ಲಬ್ಬಿನವರು ಇವಳನ್ನು ಆರಿಸಿದ್ದಾರೆ ಎಂದು ಪ್ರಮೀಳಾ ಬಿಡಿಸಿ ಹೇಳಿದಳು. ಇಡೀ ಕ್ಲಬ್ಬಿನ ಹೆಣ್ಣುಮಕ್ಕಳಲ್ಲಿ ಇಬ್ಬರು, ಅದರಲ್ಲಿ ನಮ್ಮವಳೊಬ್ಬಳು. ನಾನು ಚಪ್ಪಲಿ ಕಳಚುವ ಜಾಗದಲ್ಲೇ ಕುಳಿತು ಅತ್ತುಬಿಟ್ಟೆ.

ಆ ಸಂತೋಷದಲ್ಲಿ ಒಂದು ಎಡವಟ್ಟೂ ಆಯಿತು. ತಲೆಯ ಮೇಲೆ ಹಾದುಹೋಗುವ ವಿಮಾನ ನೋಡಲೆಂದು ಹೊರಗೆ ಹೋದವಳು ತಿರುಗಿ ಬಂದದ್ದು ಪಕ್ಕದ ಮನೆಗೆ. ಆ ಸಾಲಿನ ಮನೆಗಳೆಲ್ಲ ಒಂದೇ ಅಚ್ಚು, ಬಾಗಿಲುಗಳಿಗೂ ಒಂದೇ ಬಣ್ಣ. ಒಳಗಿದ್ದ ಪಂಜಾಬಿ ಅಜ್ಜಿ ಯಾರು ನೀನು ಎಂದು ಕೇಳದೆ ಚಹಾ ಕೊಟ್ಟಳು. ಧಾರಾವಾಹಿ ನೋಡಿ ಕಲಿತ ನನ್ನ ಹಿಂದಿಯಲ್ಲಿ ನಾನೂ ಮೊಮ್ಮಗಳ ಟೀಮಿನ ಸುದ್ದಿ ಪೂರ್ತಿ ಹೇಳಿದೆ. ಸತೀಶ ಹುಡುಕಿಕೊಂಡು ಬರುವಾಗ ಎರಡನೇ ಲೋಟ ನಡೆಯುತ್ತಿತ್ತು.

"ಅತ್ತೆ, ಬಂದು ಎರಡು ಗಂಟೆ ಆಗ್ಲಿಲ್ಲ, ಆಗ್ಲೇ ನೆಂಟರು ಮಾಡ್ಕೊಂಡ್ರಾ?" ಎಂದ.

ನನ್ನ ಹಿಂದಿ ಇಲ್ಲಿ ನಡೆಯುತ್ತದೆ ಎಂಬ ಧೈರ್ಯ ಬಂದದ್ದು ಅಲ್ಲಿಯೇ. ಆ ಧೈರ್ಯ ಮಾಡಿದ ಅನಾಹುತ ಮುಂದೆ ಉಂಟು.

ಮಾರ್ಕಂನ ಗೋದಾಮು

ಕ್ಲಬ್ಬು ಎಂದರೆ ನಾನು ತೋಟ, ಕಾರಂಜಿ ಎಲ್ಲ ಯೋಚಿಸಿದ್ದೆ. ನೋಡಿದರೆ ಗೋದಾಮು. ಒಂದು ಪಕ್ಕದಲ್ಲಿ ಟೈಲ್ಸ್ ಅಂಗಡಿ, ಇನ್ನೊಂದು ಪಕ್ಕದಲ್ಲಿ ಕಾರು ರಿಪೇರಿ, ನಡುವೆ ಇದು. ಕಾರು ನಿಲ್ಲಿಸುವಲ್ಲಿ ಕಪ್ಪು ಹಿಡಿದ ಹಳೇ ಹಿಮದ ರಾಶಿ. ಒಳಗೆ ಎಂಟು ಅಂಕಣ, ಗಾಳಿಯ ಸುಳಿವಿಲ್ಲ. ನಮ್ಮಲ್ಲಿ ಹುಡುಗರು ಗದ್ದೆಯಲ್ಲಿ ಬಲ್ಬು ಕಟ್ಟಿ ಶಟಲ್ ಆಡುವಾಗ ಗಾಳಿಯೂ ಒಬ್ಬ ಆಟಗಾರ. ಇಲ್ಲಿ ಅದಕ್ಕೆ ಪ್ರವೇಶವಿಲ್ಲ.

ಕೋಚ್ ಎಂದು ದಿಶಾ ತೋರಿಸಿದ್ದು ಸಣ್ಣ ಆಳ್ತನದ ಒಬ್ಬ ಹೆಂಗಸನ್ನು. ಹೆಸರು ಸುನ್-ಒಕ್. ಬಲ ಮೊಣಕಾಲಿಗೆ ದಪ್ಪ ಪಟ್ಟಿ. ಎಡ ತೋಳಿನ ಮೇಲೆ ಶಟಲುಗಳ ಉದ್ದ ಸಾಲು ಒರಗಿಸಿಕೊಂಡು, ಬಲಗೈಯಿಂದ ಒಂದೊಂದೇ ಕಿತ್ತು ಎಸೆಯುತ್ತಾಳೆ. ನೋಡುವುದು ಶಟಲನ್ನಲ್ಲ, ಮಕ್ಕಳ ಕಾಲನ್ನು. ನನ್ನನ್ನು ಕಂಡವಳೇ ಬಂದು ಸೊಂಟ ಬಗ್ಗಿಸಿ ನಮಸ್ಕರಿಸಿ, ಮೊದಲು ಕೇಳಿದ್ದು ವಯಸ್ಸು. ಅರುವತ್ತೆಂಟು ಎಂದು ದಿಶಾಳ ಮೂಲಕ ಹೇಳಿದೆ. ತನಗೆ ಐವತ್ತೆರಡು ಎಂದಳು. ಅವರಲ್ಲಿ ವಯಸ್ಸು ತಿಳಿಯದೆ ಹೇಗೆ ಕರೆಯುವುದೆಂದು ಗೊತ್ತಾಗುವುದಿಲ್ಲವಂತೆ, ನಮ್ಮ ಹಾಗೆಯೇ. ಅಂದಿನಿಂದ ನಾನು ಅವಳಿಗೆ ಹಲ್ಮನಿ; ಹಾಗೆಂದರೆ ಅಜ್ಜಿ. ಈ ದೇಶದಲ್ಲಿ ವಯಸ್ಸು ಕೇಳಿದರೆ ಜನ ಮುಖ ಗಂಟು ಹಾಕುತ್ತಾರೆ. ಇವಳು ನನಗೆ ಹಿಡಿಸಿದಳು.

ಹಿಡಿಸಿದ್ದು ಐದು ನಿಮಿಷ. ಆಮೇಲೆ ಆಟ ಸುರುವಾಯಿತು.

ದಿಶಾಳನ್ನು ಮುಂದೆ, ನೆಟ್ಟಿನ ಹತ್ತಿರ ನಿಲ್ಲಿಸಿದ್ದಾಳೆ. ಮಗು ಸೊಂಟ ಬಗ್ಗಿಸಿ, ರಾಕೆಟನ್ನು ಮುಖಕ್ಕೆ ಅಡ್ಡ ಹಿಡಿದು, ನೆಲ ಗುಡಿಸುವವರ ಹಾಗೆ ಅತ್ತಿಂದಿತ್ತ ಸರಿಯುವುದು. ಹಿಂದೆ ಅವಳ ಜೋಡಿ, ಎಮಿ ಎಂಬ ಚೀನೀ ಹುಡುಗಿ; ಅವಳಿಗೆ ಹಾರುವುದು, ಠಪ್ ಎಂದು ಹೊಡೆಯುವುದು. ಹೊಡೆತಕ್ಕೊಮ್ಮೆ ಕುಳಿತವರೆಲ್ಲ ಚಪ್ಪಾಳೆ. ನನ್ನ ಮಗುವಿಗೆ ಒಂದೂ ಇಲ್ಲ. ಒಮ್ಮೆಯಂತೂ ಶಟಲು ಕೈಗೆ ಸಿಗುವ ಹಾಗೆ ಬಂದಾಗಲೂ ದಿಶಾ ಬಗ್ಗಿ ಬಿಟ್ಟುಕೊಟ್ಟಳು, ಎಮಿ ಹೊಡೆದಳು. ಕೋಚ್ "ಗುಡ್" ಎಂದಳು. ಯಾರಿಗೆ ಗುಡ್?

"ನಾನು ಏಳು ಸಮುದ್ರ ದಾಟಿ ಬಂದದ್ದು ಮಗು ಬಗ್ಗುವುದು ನೋಡ್ಲಿಕ್ಕಾ?" ಎಂದೆ ಪ್ರಮೀಳಾಳಿಗೆ.

"ಅಮ್ಮ, ಅದು ಡಬಲ್ಸು. ಮುಂದೆ ಒಬ್ಬರು ಬೇಕೇ ಬೇಕು ಮಾರಾಯ್ತಿ."

"ಬೇಕಾದ್ರೆ ಆ ಎಮಿ ನಿಲ್ಲಲಿ."

ಪ್ರಮೀಳಾ ಫೋನು ಹಿಡಿದು ಹೊರಗೆ ಹೋದಳು. ಅಷ್ಟರಲ್ಲಿ ಕ್ಲಬ್ಬಿನ ಮ್ಯಾನೇಜರ್ ಬಂದ. ಹಿಂದಿ ಬಲ್ಲವನು, ಮಾತಾಜಿ ಎಂದು ಕರೆದು ಎಲ್ಲ ಚೆನ್ನಾಗಿದೆಯೇ ಎಂದು ಕೇಳಿದ. ಕೇಳಿದ ಮೇಲೆ ಹೇಳದಿರುವುದು ಹೇಗೆ? ನಮ್ಮ ಹುಡುಗಿಯನ್ನು ಮುಂದೆ ಯಾಕೆ ಹಾಕಿದ್ದು, ಹಿಂದೆ ಹಾಕಿ, ಹೀಗಾದರೆ ನಮಗೆ ಈ ಜೋಡಿಯೇ ಬೇಡ ಎಂದೆ. ಅವನು ತಲೆಯಾಡಿಸುತ್ತ ಫೋನಿನಲ್ಲಿ ಏನೋ ಬರೆದುಕೊಂಡ.

ಇಲ್ಲಿ ಓದುವವರಿಗೆ ಒಂದು ಮಾತು ಹೇಳಬೇಕು. ನಮ್ಮ ಬೀಡಿ ಬ್ರಾಂಚಿನಲ್ಲಿ ನಾವು ಹೆಂಗಸರು, ಕಟ್ಟಿದ ಬೀಡಿ ನೋಡಿ ತೆಗೆದುಕೊಳ್ಳುವ ಚೆಕ್ಕರನ ಹತ್ತಿರ ವಾರಕ್ಕೆ ನಾಲ್ಕು ದಿನ ಜಗಳ ಆಡುತ್ತಿದ್ದೆವು. ನಾಳೆಯಿಂದ ನಿನ್ನ ಎಲೆಯೂ ಬೇಡ, ಹೊಗೆಸೊಪ್ಪೂ ಬೇಡ ಎಂದು ಬುಟ್ಟಿ ಎತ್ತಿಕೊಂಡು ಬರುತ್ತಿದ್ದೆವು. ಮರುದಿನ ಬೆಳಗ್ಗೆ ಅವನೂ ಅಲ್ಲಿ, ನಾವೂ ಅಲ್ಲಿ. ಅದು ಜಗಳ, ಜಗಳ ಮುಗಿದರೆ ಮುಗಿಯಿತು. ಈ ದೇಶದಲ್ಲಿ ಹಾಗಲ್ಲ. ಬಾಯಿಂದ ಬಿದ್ದದ್ದನ್ನು ಬರೆದುಕೊಳ್ಳುತ್ತಾರೆ, ಬರೆದುಕೊಂಡ ಹಾಗೆಯೇ ಮಾಡಿಯೂ ಬಿಡುತ್ತಾರೆ.

ನ್ಯೂಮಾರ್ಕೆಟ್

ಎರಡು ದಿನ ಕಳೆದು ಪ್ರಮೀಳಾ ಆಸ್ಪತ್ರೆಯ ಲ್ಯಾಬಿನ ಶಿಫ್ಟು ಮುಗಿಸಿ ಬಂದವಳು ಕೋಟು ಕಳಚದೆ ನಿಂತಳು.

"ಅಮ್ಮ, ಆ ಮ್ಯಾನೇಜರನ ಹತ್ರ ನೀನು ಎಂತ ಹೇಳಿದ್ದು?"

ಫೋನಿಗೆ ಪತ್ರ ಬಂದಿತ್ತು. ಮನೆಯವರ ಇಚ್ಛೆಯಂತೆ ದಿಶಾಳನ್ನು ಡಬಲ್ಸ್ ಜೋಡಿಯಿಂದ ತೆಗೆಯಲಾಗಿದೆ. ಎಮಿಯ ಜೊತೆ ಇನ್ನು ಗ್ರೇಸ್ ಎಂಬ ಹುಡುಗಿ. ಪಂದ್ಯಕ್ಕೆ ಹನ್ನೆರಡೇ ದಿನ ಇರುವುದರಿಂದ, ದಿಶಾ ಒಂದು ವಾರ ಅಭ್ಯಾಸಕ್ಕೆ ಬಂದು ಗ್ರೇಸ್‌ಗೆ ಮುಂದಿನ ಜಾಗ ಕಲಿಸಿಕೊಟ್ಟರೆ ಉಪಕಾರವಾಗುತ್ತದೆ ಎಂದೂ ಬರೆದಿದ್ದ.

ಕೋಣೆಯಲ್ಲಿದ್ದ ದಿಶಾಳಿಗೆ ಎಲ್ಲ ಕೇಳಿಸಿತ್ತು. ಇಳಿದು ಬಂದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಅಭ್ಯಾಸ ಇತ್ತು.

"ಅಜ್ಜಿ, ಐ ಲೈಕ್ ದ ಫ್ರಂಟ್. ಐ ಆಸ್ಕ್ಡ್ ಫಾರ್ ಇಟ್" ಎಂದಳು.

ಮುಂದಿನ ಜಾಗ ತನಗೆ ಇಷ್ಟ, ತಾನೇ ಕೇಳಿ ಪಡೆದದ್ದು ಎಂದು ಪ್ರಮೀಳಾ ಹೇಳುವಷ್ಟರಲ್ಲಿ ಮಗು ಮೆಟ್ಟಿಲು ಹತ್ತಿಯಾಗಿತ್ತು. ಅಂದು ರಾತ್ರಿ ನನ್ನ ನೀರುದೋಸೆ ಹಾಗೆಯೇ ಉಳಿಯಿತು.

ನನಗೆ ಎಷ್ಟು ಸಿಟ್ಟು ಬಂತೆಂದರೆ, ಯಾರ ಮೇಲೆ ಎಂದು ಹೇಳಲಾರೆ. ಆ ಮ್ಯಾನೇಜರನ ಮೇಲೆ. ಮುದುಕಿ ಆಡಿದ್ದನ್ನು ಬರೆದುಕೊಳ್ಳುವ ಗಂಡಸು ಯಾವ ಸೀಮೆಯವನು? ನನ್ನ ಹಿಂದಿಯ ಮೇಲೆ. ಮುಂದೆ ನಿಂತು ಬಗ್ಗುವುದನ್ನು ಕೇಳಿ ಪಡೆದ ಮೊಮ್ಮಗಳ ಮೇಲೂ ಸ್ವಲ್ಪ. ಜಾಗ ಕಿತ್ತುಕೊಂಡದ್ದಲ್ಲದೆ ಆ ಜಾಗವನ್ನು ನೀನೇ ಕಲಿಸಿಕೊಡು ಎಂದು ಮಗುವನ್ನು ಕೇಳುತ್ತಾರಲ್ಲ, ಅದಕ್ಕೆ ಮಾತ್ರ ನನಗೆ ಯಾವ ಭಾಷೆಯಲ್ಲೂ ಶಬ್ದ ಸಿಗಲಿಲ್ಲ.

"ಕೋಚ್ ಹತ್ರ ಮಾತಾಡುವ" ಎಂದಳು ಪ್ರಮೀಳಾ. "ಅವರು ಪಾಪ, ಯಾರಿಗೂ ಎದುರು ಹೇಳುವವರಲ್ಲ. ಆದ್ರೂ ನೋಡುವ."

ಜೆರಾರ್ಡ್ ಇಂಡಿಯಾ ಬಜಾರ್

ಬುಧವಾರ ಕೋಚಿಗೆ ರಜೆ. ನಮ್ಮ ಊಟ ಕೊಡಿಸುತ್ತೇನೆ ಎಂದು ನಾನೇ ಕರೆಸಿದ್ದು. ದಿಶಾ ಶಾಲೆಯಲ್ಲಿದ್ದಳು. ಪ್ರಮೀಳಾ ನಡುವೆ ಕುಳಿತು ಅತ್ತ ಇಂಗ್ಲಿಷು, ಇತ್ತ ಕನ್ನಡ ಮಾಡಿದಳು. ಬಜಾರೆಂದರೆ ಒಂದೇ ಬೀದಿ. ಸೀರೆ, ಪಾನ್, ಮಿಠಾಯಿ. ವೀಳ್ಯದೆಲೆ ಕೊಂಡೆ, ಒಣಗಿ ಚುರುಟಿತ್ತು. ಆ ಸಿಟ್ಟು ಬೇರೆ.

ಕೋಚ್ ದೋಸೆಯನ್ನು ಕತ್ತರಿಯಲ್ಲಿ ತುಂಡು ಮಾಡಿಕೊಡಬಹುದೇ ಎಂದು ಹೋಟೆಲಿನವನನ್ನು ಕೇಳಿದಳು. ಅವರಲ್ಲಿ ಮಾಂಸ, ಸೊಪ್ಪು, ಎಲ್ಲಕ್ಕೂ ಊಟದ ಮೇಜಿನಲ್ಲಿ ಕತ್ತರಿಯಂತೆ. ಕೊಟ್ಟ ಕತ್ತರಿಯಿಂದ ನಾನೇ ಕತ್ತರಿಸಿಕೊಟ್ಟೆ. ಬೀಡಿ ಎಲೆ ಕತ್ತರಿಸಿದ ಕೈಗೆ ದೋಸೆ ಏನು ಮಹಾ. ಚೌಕಗಳೆಲ್ಲ ಒಂದೇ ಅಳತೆಗೆ ಬಂದದ್ದನ್ನು ಅವಳು ತಿರುಗಿಸಿ ತಿರುಗಿಸಿ ನೋಡಿದಳು.

ನಾನು ತಪ್ಪು ಒಪ್ಪಿಕೊಂಡೆ. ಆಮೇಲೆ ಕೇಳಿದೆ: "ನೀನು ದೊಡ್ಡ ಆಟಗಾರ್ತಿಯಂತೆ. ನೀನು ಎಲ್ಲಿ ನಿಂತು ಆಡಿದ್ದು?"

"ಮುಂದೆ" ಎಂದಳು. ನಗುತ್ತಲೇ ಇದ್ದಳು.

ಅವಳ ಕತೆ ಹೀಗಿದೆ. ಸಮುದ್ರದ ಬದಿಯ ಸಣ್ಣ ಊರು. ತಾಯಿ ನಮ್ಮ ಬೂತಾಯಿ ಮೀನಿಗಿಂತಲೂ ಸಣ್ಣ ಮೀನು ಒಣಗಿಸಿ ಮಾರುವವಳು. ಹತ್ತನೇ ವಯಸ್ಸಿಗೆ ಶಾಲೆಯ ತಂಡಕ್ಕೆ ಸೇರಿಸಿ ಹಾಸ್ಟೆಲಿನಲ್ಲಿ ಬಿಟ್ಟರು. ಅಲ್ಲಿ ಎಲ್ಲರಿಗಿಂತ ಸಣ್ಣವಳು ದೊಡ್ಡವರ ಕಾಲುಚೀಲ ಒಗೆಯಬೇಕು, ಅವರ ಚೀಲ ಹೊರಬೇಕು, ಮಾತಾಡುವ ಹಾಗಿಲ್ಲ. ಗಿಡ್ಡ ಎಂದು ಮುಂದೆ ನಿಲ್ಲಿಸಿದರು. ಹದಿನೈದಕ್ಕೆ ಒಬ್ಬಳು ಜೋಡಿ ಸಿಕ್ಕಿದಳು, ಒಂದು ವರ್ಷಕ್ಕೆ ದೊಡ್ಡವಳು. ಅವರಲ್ಲೂ ದೊಡ್ಡವಳನ್ನು ಹೆಸರು ಹಿಡಿದು ಕರೆಯುವುದಿಲ್ಲ, ಅಕ್ಕ ಎಂದೇ ಕರೆಯುವುದು. ಅಕ್ಕ ಹಿಂದೆ, ಇವಳು ಮುಂದೆ, ಹನ್ನೊಂದು ವರ್ಷ. ದೇಶದ ತಂಡಕ್ಕೆ ಹೋದರು. ಎಷ್ಟೋ ದೇಶ ತಿರುಗಿದರು, ಗೆದ್ದರು.

ಪ್ರಮೀಳಾ ಫೋನಿನಲ್ಲಿ ಹಳೇ ಪಟ ಹುಡುಕಿ ತೆಗೆದಳು. ಅಕ್ಕ ಗಾಳಿಯಲ್ಲಿ, ಕೂದಲು ಹಾರುತ್ತಿದೆ, ದೇವಿಯ ಹಾಗೆ. ಕೆಳಗೆ ಒಬ್ಬಳು ಬಗ್ಗಿದ್ದಾಳೆ. ಅವಳ ಮುಖಕ್ಕೆ ರಾಕೆಟು ಅಡ್ಡ. ಇನ್ನೊಂದು ಪಟ, ಅದೇ. ಮತ್ತೊಂದು, ಅದೇ.

"ನಿನ್ನ ಮುಖ ಇರುವ ಒಂದು ಪಟ ಇಲ್ಲವಾ?"

"ಪಾಸ್‌ಪೋರ್ಟಿನಲ್ಲಿ ಉಂಟು" ಎಂದಳಂತೆ. ನನಗೆ ನಗು ಬರಲಿಲ್ಲ.

ಇಪ್ಪತ್ತಾರನೇ ವಯಸ್ಸಿಗೆ, ಎಲ್ಲಕ್ಕಿಂತ ದೊಡ್ಡ ಪಂದ್ಯಾವಳಿಗೆ ಮೂರು ತಿಂಗಳು ಇರುವಾಗ, ಅಭ್ಯಾಸದಲ್ಲಿ ಮೊಣಕಾಲು ಹೋಯಿತು. ತಂಡದ ದೊಡ್ಡವರು ಬಂದು ಹಣ್ಣು ಕೊಟ್ಟು ಹೋದರು. ಮರುವಾರ ಅಕ್ಕನಿಗೆ ಬೇರೆ ಹುಡುಗಿಯನ್ನು ಜೋಡಿ ಮಾಡಿದರು. ಅಷ್ಟಕ್ಕೆ ನಿಲ್ಲಿಸಿದ್ದರೆ ನಾನೂ ಹಣೆಬರಹ ಎನ್ನುತ್ತಿದ್ದೆ. ಆ ಹುಡುಗಿಗೆ ಅಕ್ಕ ಎಲ್ಲಿಗೆ ಹೊಡೆಯುತ್ತಾಳೆ, ಯಾವಾಗ ಹೊಡೆಯುತ್ತಾಳೆ ಎಂದು ತಿಳಿಯುತ್ತಿರಲಿಲ್ಲ. ಅದಕ್ಕೆ ಇವಳನ್ನೇ ಕರೆಸಿದರು. ಕಾಲಿಗೆ ಪಟ್ಟಿ ಕಟ್ಟಿಕೊಂಡು ಸ್ಟೂಲಿನ ಮೇಲೆ ಕುಳಿತು, ದಿನಕ್ಕೆ ಆರು ಗಂಟೆ, ಮೂರು ತಿಂಗಳು, ಇವಳು ಆ ಹುಡುಗಿಗೆ ಶಟಲು ಎಸೆದು ಎಸೆದು ತನ್ನ ಜಾಗವನ್ನು ಕಲಿಸಿಕೊಟ್ಟಳು. ಅವರು ಹೋಗಿ ಚಿನ್ನದ ಪದಕ ಗೆದ್ದು ಬಂದರು. ಇವಳ ಕಾಲು ಮತ್ತೆ ಸರಿಯಾಗಲಿಲ್ಲ. ಆಟ ಮುಗಿಯಿತು.

ನಾನು ದೋಸೆ ತಟ್ಟೆ ಪಕ್ಕಕ್ಕೆ ಸರಿಸಿದೆ. "ನಿನ್ನ ಜಾಗವನ್ನು ನೀನೇ ಕಲಿಸಿಕೊಟ್ಟೆಯಾ?"

"ಅಕ್ಕ ಎಲ್ಲಿಗೆ ಹೊಡೀತಾಳೆ ಅಂತ ಬೇರೆ ಯಾರಿಗೂ ಗೊತ್ತಿರಲಿಲ್ಲ."

"ನಿನ್ನ ಅಕ್ಕ ಎಂತ ಹೇಳಿದಳು?"

"ಅಕ್ಕ ಹೊಸ ವರ್ಷಕ್ಕೆ ಫೋನು ಮಾಡ್ತಾಳೆ. ಈಗ ಅವಳಿಗೂ ಮೊಣಕಾಲು ನೋವು."

"ಸಿಟ್ಟು ಬರಲಿಲ್ಲವಾ ನಿನಗೆ?"

ಇಲ್ಲ ಎಂದು ತಲೆಯಾಡಿಸಿದಳು. ಅದೇ ನಗು. ಆ ನಗು ಕಂಡು ನನಗೆ ಇನ್ನಷ್ಟು ಉರಿ. ಇಪ್ಪತ್ತಾರು ವರ್ಷದ ಹಿಂದಿನ ಅನ್ಯಾಯಕ್ಕೆ ನಾನೊಬ್ಬಳೇ ಸಿಟ್ಟು ಮಾಡಿಕೊಂಡು ಕುಳಿತಿದ್ದೇನೆ, ಅನುಭವಿಸಿದವಳು ಚಟ್ನಿ ಕೇಳುತ್ತಿದ್ದಾಳೆ.

"ಈಗ ದಿಶಾ ಗ್ರೇಸ್‌ಗೆ ಕಲಿಸಬೇಕು ಅಂತ ಮ್ಯಾನೇಜರ್ ಹೇಳ್ತಾ ಇದ್ದಾರೆ" ಎಂದಳು ಪ್ರಮೀಳಾ ಮೆಲ್ಲಗೆ. "ನೀವು ಅವಳನ್ನು ಕೇಳ್ತೀರಾ?"

ಕೋಚ್ ಉಳಿದ ಚೌಕಗಳನ್ನು ಒಂದರ ಮೇಲೊಂದು ಜೋಡಿಸುತ್ತ ಕುಳಿತಳು.

ಮತ್ತೆ ಮಾರ್ಕಂ

ಮರುದಿನ ನಾನು ಪುಸ್ತಕದ ಹಾಳೆ ಹರಿದು ನನ್ನ ಕೈಯಾರೆ ಕನ್ನಡದಲ್ಲಿ ಬರೆದೆ: ನಾನು ದಿಶಾಳ ಅಜ್ಜಿ. ನನಗೆ ಈ ಆಟ ಗೊತ್ತಿಲ್ಲ. ನಾನು ಆಡಿದ ಮಾತು ಮನೆಯವರ ಮಾತಲ್ಲ. ಅದನ್ನು ವಾಪಸು ತೆಗೆದುಕೊಂಡಿದ್ದೇನೆ. ಇವರು ಬರೆದದ್ದನ್ನು ತಾನೇ ನಂಬುವುದು? ಇಕೊಳ್ಳಿ, ಬರೆದದ್ದು.

ಮ್ಯಾನೇಜರ್ ಹಾಳೆಯನ್ನು ಮೇಲೆ ಕೆಳಗೆ ನೋಡಿದ. ಪ್ರಮೀಳಾ ಓದಿ ಹೇಳಿದಳು. ಹೆಸರು ಬದಲಿಸಲು ಶುಕ್ರವಾರದವರೆಗೆ ಸಮಯ ಇದೆ, ಆದರೆ ಗ್ರೇಸ್‌ನ ಮನೆಯವರಿಗೆ ಈಗಾಗಲೇ ತಿಳಿಸಿಯಾಗಿದೆ, ಅವರಿಗೆ ಏನು ಹೇಳುವುದು ಎಂದ. ಅವನ ಮಾತಿನಲ್ಲೂ ನ್ಯಾಯ ಇತ್ತು, ಅದೇ ಕಷ್ಟ. ಗ್ರೇಸ್ ಅಲ್ಲಿಯೇ ಬೆಂಚಿನಲ್ಲಿ ಕುಳಿತಿದ್ದಳು. ಸಣ್ಣ ಮಗು, ಅವಳದ್ದೇನು ತಪ್ಪು? ತಪ್ಪು ನನ್ನದು.

ಅವನು ಕೋಚ್ ಕಡೆ ತಿರುಗಿದ. ಸುಮ್ಮನೆ ಇದ್ದ ಹಾಗೆಯೇ ನಡೆಯಲಿ, ದಿಶಾ ಈ ಒಂದು ವಾರ ಕಲಿಸಿಕೊಡಲಿ, ಮುಂದಿನ ಸಲ ಅವಳಿಗೆ ನೋಡೋಣ ಎಂದ. ದಿಶಾ ಬಾಗಿಲ ಹತ್ತಿರ ಚೀಲ ಅಪ್ಪಿಕೊಂಡು ನಿಂತಿದ್ದಳು. "ಇಟ್ಸ್ ಓಕೆ, ಐ ಕ್ಯಾನ್ ಟೀಚ್ ಹರ್" ಎಂದಳು ನೆಲ ನೋಡುತ್ತ. ಕಲಿಸುತ್ತೇನೆ ಎಂದಳು, ನನ್ನ ಮಗು.

ಆಗ ಕೋಚ್ ತೋಳಿನ ಮೇಲಿದ್ದ ಶಟಲುಗಳನ್ನೆಲ್ಲ ಮೇಜಿನ ಮೇಲೆ ಇಟ್ಟಳು. ಅವಳ ಇಂಗ್ಲಿಷು ನನ್ನ ಹಿಂದಿಯಷ್ಟೇ. ಹಾಗಾಗಿ ನನಗೂ ಪೂರ್ತಿ ಅರ್ಥವಾಯಿತು.

"ನೋ" ಎಂದಳು. ಎದೆಗೆ ಬೆರಳು ಒತ್ತಿ, "ಐ ಟೀಚ್. ಲಾಂಗ್ ಟೈಮ್ ಬಿಫೋರ್, ಐ ಟೀಚ್. ಶಿ, ನೋ."

ಮ್ಯಾನೇಜರ್ ಏನೋ ಹೇಳಲು ಹೊರಟ. ಅವಳು ಮಧ್ಯೆಯೇ, ತಗ್ಗಿದ ಸ್ವರದಲ್ಲಿ, ದಿಶಾ ಮುಂದೆ ನಿಲ್ಲದಿದ್ದರೆ ಪಂದ್ಯದ ದಿನ ತಾನೂ ಬರುವುದಿಲ್ಲ ಎಂದಳು. ಗ್ರೇಸ್‌ನ ಮನೆಗೆ ತಾನೇ ಹೋಗಿ ಕ್ಷಮೆ ಕೇಳುತ್ತೇನೆ ಎಂದೂ ಹೇಳಿದಳು. ಇಷ್ಟು ವರ್ಷದಲ್ಲಿ ಅವಳ ಬಾಯಿಂದ ಒಮ್ಮೆಯೂ ಇಲ್ಲ ಎಂಬ ಮಾತು ಕೇಳದವನು ಅವನು. ಪೆನ್ನು ಹುಡುಕಿ ದಿಶಾಳ ಹೆಸರು ಮತ್ತೆ ಬರೆಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಆ ಸಂಜೆ ಗ್ರೇಸ್‌ನ ಮನೆಗೆ ಕೋಚ್ ಜೊತೆ ನಾನೂ ಹೋದೆ. ತಪ್ಪು ಮಾಡಿದವಳು ಕಾರಿನಲ್ಲಿ ಕೂರುವುದು ಸರಿಯಲ್ಲ. ಹುಡುಗಿಯ ತಾಯಿ ನಮ್ಮನ್ನು ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ನಿಂತು ಕೇಳಿಸಿಕೊಂಡು ಸರಿ ಎಂದಳು. ಅದೂ ನ್ಯಾಯವೇ.

ಶನಿವಾರ, ಇನ್ನೊಂದು ಗೋದಾಮು

ಪಂದ್ಯದ ದಿನ ನಾನು ಎಮಿಯನ್ನು ನೋಡಲೇ ಇಲ್ಲ. ಕಣ್ಣು ಪೂರ್ತಿ ಮುಂದೆ. ನೋಡುತ್ತ ನೋಡುತ್ತ ಒಂದೊಂದೇ ಕಾಣತೊಡಗಿತು. ದಿಶಾ ನೆಟ್ಟಿನ ಹತ್ತಿರ ಬಗ್ಗಿ ನಿಂತರೆ ಎದುರಿನವರು ಶಟಲನ್ನು ಅವಳ ತಲೆಯ ಮೇಲಿಂದ ಎತ್ತಲೇಬೇಕು. ಎತ್ತಿದ ಮೇಲೆ ತಾನೇ ಹಿಂದಿನವಳು ಹಾರುವುದು? ಹೊಡೆತ ಎಮಿಯದ್ದು, ಅದನ್ನು ಹೊಡೆಯುವ ಹಾಗೆ ಮಾಡಿದ್ದು ನಮ್ಮವಳು. ಇಷ್ಟು ಸಣ್ಣ ವಿಷಯ ಕೊರಿಯಾ ದೇಶದ ಪಟ ತೆಗೆಯುವವರಿಗೆ ಹನ್ನೊಂದು ವರ್ಷ ತಿಳಿಯಲಿಲ್ಲ ಎಂದರೆ ಅವರ ಕಣ್ಣಿಗೆ ಏನಾಗಿತ್ತು?

ಮೊದಲನೇ ಪಂದ್ಯ ಗೆದ್ದರು. ಎರಡನೆಯದೂ. ಮೂರನೆಯದನ್ನು ಎರಡೇ ಅಂಕದ ಅಂತರದಲ್ಲಿ ಸೋತರು. ಪಕ್ಕದಲ್ಲಿ ಕುಳಿತ ಯಾರೋ, ಮುಂದಿನ ಹುಡುಗಿ ಇನ್ನೂ ಜೋರಿರಬೇಕಿತ್ತು ಎಂದದ್ದನ್ನು ಸತೀಶ ನನಗೆ ಹೇಳಬಾರದಿತ್ತು, ಹೇಳಿದ. ನಾನು ತಿರುಗಿ ಆ ಮನುಷ್ಯನನ್ನು ನೋಡಿದೆ. ಆತ ಎದ್ದು ಬೇರೆ ಕಡೆ ಕುಳಿತ.

ದಿಶಾ ಮತ್ತು ಎಮಿ ಒಂದು ಮೂಲೆಯಲ್ಲಿ ತಲೆಗೆ ತಲೆ ತಾಗಿಸಿಕೊಂಡು ಅತ್ತರು, ಹತ್ತು ನಿಮಿಷಕ್ಕೆ ಆಲೂಗಡ್ಡೆ ಕರಿದದ್ದನ್ನು ತಿನ್ನುತ್ತ ನಕ್ಕರು. ಆಮೇಲೆ ದಿಶಾ ಬಂದು ನನ್ನ ಮಡಿಲಲ್ಲಿ ಕಾಲು ಚಾಚಿ, ನೋಯುತ್ತಿದೆ ಒತ್ತು ಎಂದು ಸನ್ನೆ ಮಾಡಿದಳು. ಹನ್ನೆರಡು ದಿನದ ಮೇಲೆ ಮಗು ತಾನಾಗಿ ನನ್ನ ಹತ್ತಿರ ಬಂದದ್ದು. ಒತ್ತಿದೆ. ಅದಕ್ಕಿಂತ ದೊಡ್ಡ ಪದಕ ನನಗೆ ಬೇಡ.

ಕೋಚ್ ಬಂದು ಪಕ್ಕದಲ್ಲಿ ಕುಳಿತು ಮೊಣಕಾಲಿನ ಪಟ್ಟಿ ಬಿಚ್ಚಿದಳು. ಪಂದ್ಯ ಮುಗಿಯುವವರೆಗೂ ನಿಂತೇ ಇದ್ದಳು, ಕಾಲು ಊದಿತ್ತು. ಮತ್ತೆ ದಿಶಾಳಿಗೆ ಏನೋ ಹೇಳಿ, ಅದನ್ನು ನನಗೆ ತಿಳಿಸು ಎಂದಳು.

ದಿಶಾ ಕನ್ನಡದ ಶಬ್ದಗಳನ್ನು ಹುಡುಕಿ ಹುಡುಕಿ ಜೋಡಿಸಿದಳು. "ಅಜ್ಜಿ, ಕೋಚ್ ಹೇಳ್ತಾರೆ, ಆ ದಿನ ರೆಸ್ಟೋರೆಂಟಲ್ಲಿ ನಿಮಗೆ ಸುಳ್ಳು ಹೇಳಿದ್ದಂತೆ. ಅವರಿಗೆ ಸಿಟ್ಟು ಬಂದಿತ್ತಂತೆ. ತುಂಬ. ಇವತ್ತಿನವರೆಗೂ ಉಂಟಂತೆ."

ನಾನು ಕೋಚ್ ಮುಖ ನೋಡಿದೆ. ನಗು ಇರಲಿಲ್ಲ. ಮೊದಲ ಸಲ ಆ ಮುಖ ಪೂರ್ತಿ ಕಂಡಿತು. ಮೂಗಿನ ತುದಿ ಕೆಂಪಾಗಿತ್ತು.

"ಅಬ್ಬ, ಸಮಾಧಾನ ಆಯ್ತು ಅಂತ ಹೇಳು" ಎಂದೆ ದಿಶಾಳಿಗೆ. ಮೊಮ್ಮಗಳ ಕಾಲನ್ನು ಮೆಲ್ಲಗೆ ಇಳಿಸಿ, ಕೋಚ್‌ನ ಕಾಲನ್ನು ಎಳೆದು ಮಡಿಲಲ್ಲಿಟ್ಟುಕೊಂಡೆ.